ಅಣ್ಣನ ಲಾಡ್ಜು

'ಲಾಡ್ಜ್' ಎಂಬ ಪದಕ್ಕೆ ನಮ್ಮ ಕಡೆ ಬಳಕೆಯಲ್ಲಿರುವುದು ಒಂದೇ ಅರ್ಥ. ಬಸ್ ನಿಲ್ದಾಣದ ಎದುರಿಗೆ ಮೆಟ್ಟಿಲು ಹತ್ತಿ ಹೋದರೆ ಸಿಗುವ ಬಾಡಿಗೆಯ ಕೋಣೆ. ಬೋರ್ಡಿಂಗ್ ಎಂದರೆ ಊಟ, ಲಾಡ್ಜಿಂಗ್ ಎಂದರೆ ಮಂಚ. ಹೀಗಿರುವಾಗ ನನ್ನ ತಂದೆಯವರು ತಿಂಗಳಿಗೊಮ್ಮೆ ತಪ್ಪದೆ ಲಾಡ್ಜಿಗೆ ಹೋಗುತ್ತಿದ್ದರೆಂದು ನಾನು ಹೇಳಿದರೆ ಕೇಳುವವರು ಅರೆಕ್ಷಣ ನನ್ನ ಮುಖವನ್ನೇ ನೋಡುತ್ತಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಅದು ಫ್ರೀಮೇಸನ್ನರ ಲಾಡ್ಜು. ಭ್ರಾತೃತ್ವ, ಪರಸ್ಪರ ನೆರವು, ದಾನ ಎಂಬ ಮೂರು ಮಾತುಗಳನ್ನು ಹಿಡಿದುಕೊಂಡು, ಬಾಗಿಲು ಹಾಕಿಕೊಂಡು ಸಭೆ ಸೇರುತ್ತಿದ್ದ ಗಂಡಸರ ಸಂಘ.

ನಮ್ಮದು ರೈಲ್ವೆ ಜಂಕ್ಷನ್ನಿನ ಊರು. ಸ್ಟೇಷನ್ನಿನ ಆಚೆಗೆ ರೈಲ್ವೆ ಕ್ವಾರ್ಟರ್ಸುಗಳ ಸಾಲು. ಆ ಸಾಲು ಮುಗಿದಲ್ಲಿ ಹುಣಸೆಯ ಮರಗಳ ನಡುವೆ ಮಂಗಳೂರು ಹೆಂಚಿನ ಒಂದು ಉದ್ದನೆಯ ಕಟ್ಟಡ. ಕಿಟಕಿಗಳು ಆಳೆತ್ತರಕ್ಕೂ ಮೇಲಿದ್ದವು. ಬಾಗಿಲ ನೆತ್ತಿಯ ಮೇಲೆ ಗಾರೆಯಲ್ಲಿ ಮಾಡಿದ ಮೂಲೆಮಟ್ಟ ಮತ್ತು ಕೈವಾರ, ಒಂದರ ಮೇಲೊಂದು. ಸಭೆಯ ದಿನ ಬಾಗಿಲ ಹೊರಗೆ ಒಬ್ಬರು ಬಿಚ್ಚುಗತ್ತಿ ಹಿಡಿದು ನಿಲ್ಲುತ್ತಾರೆಂಬುದು ಊರಿನ ಮಕ್ಕಳಿಗೆಲ್ಲ ಗೊತ್ತಿದ್ದ ಸಂಗತಿ. ಆ ಹುದ್ದೆಗೆ 'ಟೈಲರ್' ಎಂದು ಹೆಸರು. ನಾವು ಅದನ್ನು ದರ್ಜಿ ಎಂದೇ ತಿಳಿದಿದ್ದೆವು. ದರ್ಜಿಯ ಕೈಗೆ ಕತ್ತಿ ಏಕೆ ಬಂತು ಎಂದು ಬಹಳ ಚರ್ಚೆಯೂ ನಡೆದಿತ್ತು. ಒಳಗೆ ತಲೆಬುರುಡೆ ಇದೆ, ಅಮಾವಾಸ್ಯೆಗೆ ಆಡು ಕಡಿಯುತ್ತಾರೆ ಎಂಬ ಸುದ್ದಿಗಳಿಗಂತೂ ಲೆಕ್ಕವಿರಲಿಲ್ಲ. ಉತ್ತರ ಭಾರತದಲ್ಲಿ ಇಂತಹ ಕಟ್ಟಡಗಳಿಗೆ 'ಜಾದೂ ಘರ್' ಎಂದೇ ಹೆಸರು. ರುಡ್ಯಾರ್ಡ್ ಕಿಪ್ಲಿಂಗನ 'ಕಿಮ್' ಕಾದಂಬರಿಯಲ್ಲಿಯೂ ಆ ಹೆಸರು ಬರುತ್ತದೆ. ಅದರ ನಾಯಕನಾದ ತಬ್ಬಲಿ ಹುಡುಗನ ಕೊರಳ ತಾಯಿತದಲ್ಲಿ ಅವನ ತಂದೆಯ ಮೇಸನಿಕ್ ಕಾಗದಗಳಿರುತ್ತವೆ. ಆ ಪುಸ್ತಕ ನನ್ನ ಕೈಗೆ ಬಂದದ್ದು ನಾನು ಶಿಕ್ಷಕಿಯಾದ ಮೇಲೆ. ಓದಿ ಮುಗಿಸಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ತಂದೆಯನ್ನು 'ಅಣ್ಣ' ಎಂದು ಕರೆಯುವುದು ರೂಢಿ. ಹಳೆಯ ಮೈಸೂರಿನ ಎಷ್ಟೋ ಬ್ರಾಹ್ಮಣ ಮನೆಗಳಲ್ಲಿ ಹಾಗೆಯೇ. ರೈಲ್ವೆಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ನಮ್ಮ ಅಣ್ಣ 1958ರಲ್ಲಿ ಲಾಡ್ಜು ಸೇರಿದರು. ಅಲ್ಲಿ ಎಲ್ಲರೂ ಎಲ್ಲರನ್ನೂ 'ಬ್ರದರ್' ಎನ್ನಬೇಕು. ಹೀಗೆ ಮನೆಯೊಳಗೂ ಹೊರಗೂ ಅವರಿಗೆ ಒಂದೇ ಹೆಸರಾಯಿತು. ಸಭೆಯ ಶನಿವಾರ ಅವರು ಕಪ್ಪು ಕೋಟು ತೊಟ್ಟು, ಚಪ್ಪಟೆಯಾದ ಒಂದು ಚರ್ಮದ ಪೆಟ್ಟಿಗೆಯನ್ನು ಹಿಡಿದು ಹೊರಡುತ್ತಿದ್ದರು. ಪೆಟ್ಟಿಗೆಯಲ್ಲಿ ಕುರಿಮರಿಯ ಚರ್ಮದ ಬಿಳಿಯ ಏಪ್ರನ್ ಇತ್ತು. ಅಂಚಿಗೆ ತಿಳಿನೀಲಿಯ ಪಟ್ಟಿ. ಬ್ರಾಹ್ಮಣರ ಮನೆಯಲ್ಲಿ ಚರ್ಮದ ಬಟ್ಟೆ! ಅಜ್ಜಿಗೆ ಅದು ತಿಳಿಯದಂತೆ ಅಮ್ಮ ಆ ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಡುತ್ತಿದ್ದಳು. ಲಾಡ್ಜಿನ ಚಂದಾಹಣದ ಬಗ್ಗೆ ಮಾತ್ರ ಅಮ್ಮನಿಗೆ ಅಸಮಾಧಾನವಿತ್ತು. ತಿಂಗಳ ಕೊನೆಯ ವಾರದಲ್ಲಿ ಕಾಫಿಪುಡಿಗೆ ಚಿಕೋರಿ ಹೆಚ್ಚು ಬೆರೆಸುವಾಗ ಅವಳ ಬಾಯಿಂದ 'ಭ್ರಾತೃಗಳ' ವಿಷಯ ಒಂದೆರಡು ಮಾತು ಬಂದೇ ಬರುತ್ತಿತ್ತು.

ಈ ಸಂಘದ ಮೂಲವನ್ನು ಸ್ವಲ್ಪ ಹೇಳಬೇಕು. ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಕಲ್ಲುಕುಟಿಗರ ಮತ್ತು ಗಾರೆ ಕೆಲಸದವರ ಹಳೆಯ ಕೂಟಗಳಲ್ಲಿ ಇದರ ಬೇರಿದೆ. ಚರ್ಚುಗಳನ್ನು ಕಟ್ಟುತ್ತಿದ್ದ ಆ ಕಸುಬುದಾರರು ಕೆಲಸದ ಸ್ಥಳದಲ್ಲಿ ಹಾಕಿಕೊಳ್ಳುತ್ತಿದ್ದ ಗುಡಿಸಲಿಗೆ ಲಾಡ್ಜ್ ಎಂದು ಹೆಸರು. ಕಾಲಕ್ರಮದಲ್ಲಿ ಕಲ್ಲು ಮುಟ್ಟಿ ಗೊತ್ತಿಲ್ಲದ ಗೃಹಸ್ಥರೂ ಸೇರಿದರು. ಲಂಡನ್ನಿನ ನಾಲ್ಕು ಲಾಡ್ಜುಗಳು ಒಂದುಗೂಡಿ 1717ರಲ್ಲಿ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವೆಂದು ಅವರ ಪರಂಪರೆ ಹೇಳುತ್ತದೆ. 1723ರಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಪಾದ್ರಿ ನಿಯಮಗಳ ಪುಸ್ತಕವನ್ನು ಅಚ್ಚು ಹಾಕಿಸಿದ. ಮಟ್ಟ, ತೂಗುಗುಂಡು, ಕರಣೆ, ಉಳಿ, ಸುತ್ತಿಗೆ ಇವೆಲ್ಲ ನೀತಿಪಾಠದ ಸಂಕೇತಗಳಾದವು. ನೇಯ್ಗೆಯನ್ನೂ ದೋಣಿಯನ್ನೂ ಹಿಡಿದು ಪರಮಾರ್ಥ ಹೇಳಿದ ವಚನಕಾರರ ನಾಡಿನಲ್ಲಿ ಹುಟ್ಟಿದ ನಮಗೆ ಇದೇನೂ ಬೆರಗಿನ ವಿಷಯವಲ್ಲ. ಸಭೆಯಲ್ಲಿ ಧರ್ಮದ ಜಗಳ, ರಾಜಕೀಯದ ಜಗಳ ಎರಡೂ ನಿಷಿದ್ಧ. ದೇವರೊಬ್ಬನನ್ನು ನಂಬಿದರೆ ಸಾಕು, ಯಾವ ಹೆಸರಿನಿಂದ ಎಂಬುದು ಅವರವರಿಗೆ ಬಿಟ್ಟದ್ದು.

ಗುಟ್ಟು ಗುಟ್ಟು ಎನ್ನುತ್ತಾರಲ್ಲ, ಆ ದೀಕ್ಷಾವಿಧಿಗಳನ್ನು 1730ರಷ್ಟು ಹಿಂದೆಯೇ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬವನು ಅಚ್ಚು ಮಾಡಿಸಿ ಮಾರಿಬಿಟ್ಟಿದ್ದಾನೆ. ನಿವೃತ್ತಿಯಾದ ಮೇಲೆ ನಾನು ಈ ಬಗೆಯ ಪುಸ್ತಕಗಳನ್ನು ಓದಿದೆ. ಬಹುಭಾಗ ನೀರಸವೆಂದೇ ಹೇಳಬೇಕು. ಆದರೆ ಒಂದು ವಿಧಿ ನನ್ನನ್ನು ತಡೆದು ನಿಲ್ಲಿಸಿತು. ಹೊಸಬನನ್ನು ಒಳಗೆ ಕರೆದೊಯ್ಯುವ ಮುನ್ನ ಅವನ ಮೈಮೇಲಿರುವ ನಾಣ್ಯ, ಉಂಗುರ, ಗಡಿಯಾರ ಮೊದಲಾದ ಲೋಹದ ವಸ್ತುಗಳನ್ನೆಲ್ಲ ತೆಗೆಸುತ್ತಾರೆ. ಕಣ್ಣು ಕಟ್ಟುತ್ತಾರೆ. ಆಮೇಲೆ ಅವನನ್ನು ಸಭಾಗೃಹದ ಈಶಾನ್ಯ ಮೂಲೆಯಲ್ಲಿ ನಿಲ್ಲಿಸಿ, ಬಡ ಬಂಧುಗಳಿಗಾಗಿ ಏನಾದರೂ ಕೊಡು ಎಂದು ಎಲ್ಲರೆದುರು ಕೇಳುತ್ತಾರೆ. ಅವನು ಜೇಬು ತಡವಿಕೊಳ್ಳುತ್ತಾನೆ. ಕೊಡಲು ಏನೂ ಇಲ್ಲ. ಮುಂದೆ ಎಂದಾದರೂ ಕೈಯಲ್ಲಿ ಏನೂ ಇಲ್ಲದ ಒಬ್ಬನನ್ನು ಕಂಡಾಗ ಈ ಗಳಿಗೆಯನ್ನು ನೆನೆಸಿಕೋ ಎಂದು ಅವನಿಗೆ ಆಗ ಹೇಳುತ್ತಾರೆ. ಈಶಾನ್ಯವೇ ಏಕೆಂದರೆ ಕಟ್ಟಡದ ಮೊದಲ ಕಲ್ಲು ಇಡುವುದು ಅಲ್ಲಿ. ನಾವು ಗುದ್ದಲಿಪೂಜೆ ಮಾಡುವುದೂ ಅದೇ ಮೂಲೆಯಲ್ಲಲ್ಲವೇ! ನಮ್ಮ ಅಣ್ಣನೂ ಹೀಗೆ ಉಂಗುರ ಬಿಚ್ಚಿಟ್ಟು, ಕಣ್ಣು ಕಟ್ಟಿಸಿಕೊಂಡು ಬರಿಗೈಯಲ್ಲಿ ನಿಂತಿದ್ದರೆಂದು ಊಹಿಸಿಕೊಂಡಾಗ ಮನಸ್ಸಿಗೆ ಏನೋ ಆಯಿತು.

ಆದರೆ ಈ ಭ್ರಾತೃತ್ವದ ಪರೀಕ್ಷೆ ನಡೆದದ್ದು ಆ ಮೂಲೆಯಲ್ಲಿ ಅಲ್ಲ, ಬಾಗಿಲಿನಲ್ಲಿ. ನಮ್ಮ ದೇಶದ ಮೊದಲ ಲಾಡ್ಜು 1730ರಲ್ಲಿ ಕಲ್ಕತ್ತೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರಿಂದ ಶುರುವಾಯಿತು. 1770ರ ದಶಕದಲ್ಲಿ ಆರ್ಕಾಟಿನ ನವಾಬನ ಮಗ ಉಮ್ದತ್-ಉಲ್-ಉಮರಾನನ್ನು ತಿರುಚಿನಾಪಳ್ಳಿಯಲ್ಲಿ ಸೇರಿಸಿಕೊಂಡರು. ಲಂಡನ್ನಿನವರು ಅವನಿಗೆ ಏಪ್ರನ್ ಕಳುಹಿಸಿ ಸಂಭ್ರಮಿಸಿದರು. ನವಾಬನ ಮಗನಿಗೆ ಬಾಗಿಲು ತೆರೆಯುವುದು ಕಷ್ಟವಲ್ಲ. ಸಾಧಾರಣ ಭಾರತೀಯನು ಬಾಗಿಲು ತಟ್ಟಿದಾಗ ಏನಾಯಿತು? ಬೊಂಬಾಯಿಯ ಪಾರ್ಸಿ ಮಾಣಿಕಜೀ ಕರ್ಸೆಟ್‌ಜೀ ಅವರನ್ನು ಆ ಊರಿನಲ್ಲಿ ಸೇರಿಸಿಕೊಳ್ಳಲಿಲ್ಲ. ಅವರು ಪ್ಯಾರಿಸಿಗೆ ಹೋಗಿ ದೀಕ್ಷೆ ಪಡೆದು ಬಂದರು. ಆಗ ಜೇಮ್ಸ್ ಬರ್ನ್ಸ್ ಎಂಬ ಸ್ಕಾಟಿಷ್ ವೈದ್ಯ ಮುಂದೆ ಬಂದು, ಭಾರತೀಯರಿಗೂ ಪ್ರವೇಶವಿರಲೆಂದು 1843ರಲ್ಲಿ 'ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ' ಎಂಬ ಲಾಡ್ಜನ್ನು ಸ್ಥಾಪಿಸಿದ. ಇದೇ ಮಾಣಿಕಜೀ 1863ರಲ್ಲಿ ಬೊಂಬಾಯಿಯಲ್ಲಿ ಹೆಣ್ಣುಮಕ್ಕಳಿಗಾಗಿ ಅಲೆಕ್ಸಾಂಡ್ರಾ ಶಾಲೆಯನ್ನು ತೆರೆಯಲು ದುಡಿದವರು ಎಂಬುದನ್ನು, ಶಾಲಾ ಶಿಕ್ಷಕಿಯಾಗಿದ್ದವಳು ಹೇಳದೆ ಬಿಡಲಾರೆ.

ಹಿಂದೂಗಳ ಸರದಿ ಇನ್ನೂ ತಡವಾಯಿತು. ಪ್ರಸನ್ನಕುಮಾರ ದತ್ತ ಎಂಬ ಕಲ್ಕತ್ತೆಯ ವರ್ತಕರು 1863ರಲ್ಲಿ ಅರ್ಜಿ ಹಾಕಿದರು. ಒಳಗೆ ಕಾಲಿಟ್ಟದ್ದು 1872ರಲ್ಲಿ. ಒಂಬತ್ತು ವರ್ಷ ಅವರು ಪತ್ರ ಬರೆದರು, ಮೇಲ್ಮನವಿ ಸಲ್ಲಿಸಿದರು, ಲಂಡನ್ನಿನವರೆಗೂ ದೂರು ಒಯ್ದರು. ವಿರೋಧಿಸಿದವರ ವಾದಗಳು ಎರಡು. ಹಿಂದೂಗಳಿಗೆ ದೇವರು ಒಬ್ಬನಲ್ಲ ಎಂಬುದು ಒಂದು. ಜಾತಿ ಪಾಲಿಸುವವನು, ಇನ್ನೊಬ್ಬನ ಜೊತೆ ಕುಳಿತು ಉಣ್ಣಲಾರದವನು, ಯಾರಿಗೆ ತಾನೇ ಸಹೋದರನಾದಾನು ಎಂಬುದು ಎರಡನೆಯದು. ಕೊನೆಗೆ ನಿಯಮದಲ್ಲಿ ಅಂತಹ ಅಡ್ಡಿಯೇನೂ ಇಲ್ಲವೆಂದು ತೀರ್ಮಾನವಾಗಿ 'ಆಂಕರ್ ಅಂಡ್ ಹೋಪ್' ಲಾಡ್ಜು ಅವರನ್ನು ಸೇರಿಸಿಕೊಂಡಿತು. ಅದೇ ಲಾಡ್ಜಿನಲ್ಲಿ 1884ರಲ್ಲಿ ದೀಕ್ಷೆ ಪಡೆದ ನರೇಂದ್ರನಾಥ ದತ್ತ ಎಂಬ ತರುಣನನ್ನು ಲೋಕ ಮುಂದೆ ವಿವೇಕಾನಂದರೆಂದು ಅರಿಯಿತು. ಅವರ ತಂದೆ ತೀರಿಕೊಂಡು ಮನೆ ಬಡತನಕ್ಕೆ ಬಿದ್ದದ್ದೂ ಅದೇ ವರ್ಷ.

ಜಾತಿಯ ಕುರಿತ ಆ ಎರಡನೆಯ ವಾದವನ್ನು ನಾನು ಬಹಳ ದಿನ ಮನಸ್ಸಿನಲ್ಲಿ ತಿರುವಿ ನೋಡಿದ್ದೇನೆ. ತಮ್ಮ ಕ್ಲಬ್ಬುಗಳಿಗೆ ಭಾರತೀಯರನ್ನು ಬಿಟ್ಟುಕೊಳ್ಳದ ಜನ, ನಮ್ಮ ಪಂಕ್ತಿಭೇದವನ್ನು ತೋರಿಸಿ ನಮ್ಮನ್ನು ಹೊರಗಿಟ್ಟರೆಂದರೆ ಅದು ಕಪಟವೇ ಸರಿ. ಅಮೆರಿಕದಲ್ಲಿ ಜಾತಿಯ ನೆಪವೂ ಬೇಕಾಗಿರಲಿಲ್ಲ. 1775ರಲ್ಲಿ ಬಾಸ್ಟನ್ನಿನ ಪ್ರಿನ್ಸ್ ಹಾಲ್ ಮತ್ತು ಅವನ ಹದಿನಾಲ್ಕು ಮಂದಿ ಕಪ್ಪು ಜನಾಂಗದ ಗೆಳೆಯರು ಬ್ರಿಟಿಷ್ ಸೈನ್ಯದ ಲಾಡ್ಜೊಂದರಲ್ಲಿ ದೀಕ್ಷೆ ಪಡೆದರೂ ಬಿಳಿಯರ ಲಾಡ್ಜುಗಳು ಅವರನ್ನು ತಮ್ಮವರೆನ್ನಲಿಲ್ಲ. ಅವರು ತಮ್ಮದೇ ಬೇರೆ ಲಾಡ್ಜುಗಳನ್ನು ಕಟ್ಟಿಕೊಂಡರು. ಎಲ್ಲ ಸರಿ. ಆದರೂ ಕಲ್ಕತ್ತೆಯ ಆ ಬಿಳಿಯರ ಬಾಯಲ್ಲಿ ಕಪಟವಾಗಿದ್ದ ಮಾತು ನಮ್ಮ ಮನೆಯ ಜಗಲಿಯ ಮೇಲೆ ನೂರಕ್ಕೆ ನೂರು ನಿಜವಾಗಿತ್ತು. ಅದನ್ನು ಕಣ್ಣಾರೆ ಕಂಡವಳು ನಾನು.

ಅಣ್ಣನ ಲಾಡ್ಜಿನಲ್ಲಿ ಒಬ್ಬ ಪಾರ್ಸಿ, ಇಬ್ಬರು ಮುಸಲ್ಮಾನರು, ಒಂದಿಬ್ಬರು ಆಂಗ್ಲೋ-ಇಂಡಿಯನ್ನರು, ಮಿಕ್ಕವರು ನಾನಾ ಜಾತಿಯ ಹಿಂದೂಗಳು ಇದ್ದರು. ಅಣ್ಣನಿಗೆ ಎಲ್ಲರಿಗಿಂತ ಹತ್ತಿರದವರು ಗೂಡ್ಸ್ ಗಾಡಿಯ ಗಾರ್ಡ್ ಒಬ್ಬರು. ತಮಿಳು ಕ್ರೈಸ್ತರು, ಪ್ರಾಟೆಸ್ಟಂಟರು. (ಕ್ಯಾಥೊಲಿಕ್ ಆಗಿದ್ದರೆ ಸೇರುವಂತಿರಲಿಲ್ಲ. ಪೋಪರು 1738ರಲ್ಲಿ ಹಾಕಿದ ನಿಷೇಧವನ್ನು 2023ರಲ್ಲಿಯೂ ಮತ್ತೆ ಎತ್ತಿ ಹೇಳಿದ್ದಾರೆ.) ನಾವು ಅವರನ್ನು ಗಾರ್ಡ್ ಸಾಹೇಬರು ಎನ್ನುತ್ತಿದ್ದೆವು. ಅವರು ಬಂದರೆ ಕೂರುತ್ತಿದ್ದುದು ಜಗಲಿಯ ಮೇಲೆ. ಜಗಲಿಯ ಗೂಡಿನಲ್ಲಿ ಅಂತಹವರಿಗೆಂದೇ ಒಂದು ಗಾಜಿನ ಲೋಟ ಬೋರಲು ಬಿದ್ದಿರುತ್ತಿತ್ತು. ಅಮ್ಮ ಮೇಲಿನಿಂದ ಕಾಫಿ ಹೊಯ್ಯುವಳು. ಕುಡಿದಾದ ಮೇಲೆ ಅವರೇ ನಲ್ಲಿಯಲ್ಲಿ ತೊಳೆದು ಮತ್ತೆ ಬೋರಲು ಹಾಕಿ ಹೋಗುವರು. ಅಣ್ಣ ಪಕ್ಕದಲ್ಲೇ ಕುಳಿತು ಹಿತ್ತಾಳೆಯ ಲೋಟದಲ್ಲಿ ಕುಡಿಯುತ್ತಿದ್ದರು. ಇಬ್ಬರೂ ನಗುನಗುತ್ತ ಗಂಟೆಗಟ್ಟಲೆ ಮಾತನಾಡುವರು. ಅಜ್ಜಿ ಬದುಕಿರುವಾಗ ಆ ಎರಡು ಲೋಟಗಳನ್ನು ಒಂದು ಮಾಡುವ ಧೈರ್ಯ ಅಣ್ಣನಿಗೆ ಬರಲಿಲ್ಲ. ಲಾಹೋರಿನ ತನ್ನ ಲಾಡ್ಜಿನ ಬಗ್ಗೆ ಕಿಪ್ಲಿಂಗ್ ಬರೆದ ಪದ್ಯದಲ್ಲಿ, ಯಾರ ಜಾತಿಯೂ ಕೆಡದಿರಲೆಂದು ಅಲ್ಲಿ ಔತಣ ಇಡುತ್ತಿರಲಿಲ್ಲ ಎಂಬ ಸಂಗತಿ ಬರುತ್ತದೆ. ಔತಣ ಇಡದಿದ್ದರೆ ಕಷ್ಟ ತಪ್ಪಿತು. ನಮ್ಮೂರಿನ ಲಾಡ್ಜಿನಲ್ಲಿ ಸಭೆಯಾದ ಮೇಲೆ ಊಟ ಇರುತ್ತಿತ್ತು. ಅಣ್ಣ ಅಲ್ಲಿ ಎರಡು ಬಾಳೆಹಣ್ಣು ಮಾತ್ರ ತಿನ್ನುತ್ತಾರೆಂದು ಮನೆಯಲ್ಲಿ ಎಲ್ಲರ ನಂಬಿಕೆ.

1965ರ ಆಷಾಢದಲ್ಲಿ ಅಣ್ಣ ತೀರಿಕೊಂಡರು. ಮೂರು ದಿನದ ಜ್ವರ, ಅಷ್ಟೇ. ಅವರಿಗೆ ನಲವತ್ತೊಂದು, ನನಗೆ ಹದಿನೈದು, ನನ್ನ ಕೆಳಗೆ ಇಬ್ಬರು ತಮ್ಮಂದಿರು. ಬಂದ ಹಣ ಸೋದರತ್ತೆಯ ಮದುವೆಯ ಸಾಲಕ್ಕೆ ಸರಿಹೋಯಿತು. ನನ್ನ ಓದು ನಿಲ್ಲಿಸುವುದೆಂದು ಮನೆಯಲ್ಲಿ ಮಾತಾಗಿತ್ತು.

ವೈಕುಂಠ ಸಮಾರಾಧನೆ ಮುಗಿದ ಮರುವಾರ ಗಾರ್ಡ್ ಸಾಹೇಬರು ಬಂದು ಜಗಲಿಯ ಮೇಲೆ ಕುಳಿತರು. ಲಾಡ್ಜಿನಲ್ಲಿ ಅವರು ಆ ವರ್ಷದ 'ಆಮನರ್', ಎಂದರೆ ಕಷ್ಟದಲ್ಲಿರುವ ಸದಸ್ಯರ ಮನೆಗಳನ್ನೂ ತೀರಿಕೊಂಡವರ ಹೆಂಡತಿ ಮಕ್ಕಳನ್ನೂ ವಿಚಾರಿಸಿಕೊಳ್ಳುವ ಅಧಿಕಾರಿ. ಒಂದು ಲಕೋಟೆಯನ್ನು ಜಗಲಿಯ ಅಂಚಿನಲ್ಲಿಟ್ಟು, "ನಲವತ್ತು ರೂಪಾಯಿ ಇದೆ ಅಮ್ಮಾ, ತಿಂಗಳು ತಿಂಗಳು ಬರುತ್ತೆ. ಮಗು ಸ್ಕೂಲು ಬಿಡಿಸಬೇಡಿ" ಎಂದರು. ಅಮ್ಮ ಬಾಗಿಲ ಮರೆಯಲ್ಲಿ ನಿಂತು, ಧರ್ಮದ ದುಡ್ಡು ನಮಗೆ ಬೇಡವೆಂದಳು. "ಧರ್ಮ ಅಲ್ಲಮ್ಮಾ, ಬ್ರದರ್ ಇದ್ದಾಗ ಹಾಕಿದ್ದು. ಈಗ ವಾಪಸ್ ಬರ್ತಾ ಇದೆ, ಅಷ್ಟೆ." ಚಿಕೋರಿ ಬೆರೆಸುತ್ತ ತಾನು ಆಡಿದ ಮಾತುಗಳು ಆ ಗಳಿಗೆಯಲ್ಲಿ ಅಮ್ಮನಿಗೆ ನೆನಪಾದವೋ ಏನೋ. ಅವಳು ಅಳುತ್ತ ಒಳಗೆ ಹೋದಳು. ಲಕೋಟೆ ಮಾತ್ರ ಉಳಿಯಿತು.

ನಾಲ್ಕನೆಯ ತಿಂಗಳು ಅವರು ಬಂದ ದಿನ ಭಾರಿ ಮಳೆ. ಇರಚಲು ಜಗಲಿಯ ಗೋಡೆಯವರೆಗೂ ಹೊಡೆಯುತ್ತಿತ್ತು. ಅವರು ತೊಯ್ದು ತೊಪ್ಪೆಯಾಗಿ, ಲಕೋಟೆ ನೆನೆಯದಂತೆ ಟೊಪ್ಪಿಗೆಯೊಳಗೆ ಇಟ್ಟುಕೊಂಡು ನಿಂತಿದ್ದರು. ಅಮ್ಮ ಬಾಗಿಲ ಮರೆಯಿಂದ ಈಚೆ ಬಂದು, "ಒಳಗೆ ಬನ್ನಿ ಸಾಹೇಬರೇ" ಎಂದಳು. ಪಡಸಾಲೆಯಲ್ಲಿ ಅಣ್ಣನ ಕುರ್ಚಿ ಇತ್ತು. ಅದನ್ನು ಸರಿಸಿ ಕೊಟ್ಟಳು. ಹಿತ್ತಾಳೆಯ ಲೋಟದಲ್ಲಿ ಕಾಫಿ ತಂದು ಕೈಗಿತ್ತಳು. ಅಜ್ಜಿ ನಡುಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದವಳು ಎದ್ದು ದೇವರಮನೆಗೆ ಹೋಗಿ ಕದ ಮುಂದೆ ಮಾಡಿಕೊಂಡಳು. ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಪಡಸಾಲೆಗೆಲ್ಲ ಸೆಗಣಿ ನೀರು ಹಾಕಿ ಸಾರಿಸಿದಳು, ಅಮ್ಮ ತಡೆಯಲಿಲ್ಲ. ಮುಂದಿನ ತಿಂಗಳು ಮತ್ತೆ ಅದೇ ಕುರ್ಚಿ, ಅದೇ ಲೋಟ, ಮರುದಿನ ಮತ್ತೆ ಸೆಗಣಿ ನೀರು. ಒಂದು ವರ್ಷ ಹೀಗೆಯೇ ನಡೆಯಿತು. ಆಮೇಲೆ ಅಜ್ಜಿಗೆ ಬಗ್ಗುವುದು ಕಷ್ಟವಾಗಿ ಸಾರಿಸುವುದು ನಿಂತಿತು. ಗಾಜಿನ ಲೋಟ ಯಾವಾಗ ಗೂಡಿನಿಂದ ಮಾಯವಾಯಿತೆಂದು ನನಗೆ ನೆನಪಿಲ್ಲ.

ನಾಲ್ಕು ವರ್ಷ ಒಂದು ತಿಂಗಳೂ ತಪ್ಪದೆ ಆ ಲಕೋಟೆ ಬಂದಿತು. 1967ರಲ್ಲಿ ನಾನು ಎಸ್.ಎಸ್.ಎಲ್.ಸಿ. ಮುಗಿಸಿದೆ, 1969ರಲ್ಲಿ ಟಿ.ಸಿ.ಎಚ್. ಮುಗಿಸಿದೆ, 1970ರಲ್ಲಿ ಕೆಲಸ ಸಿಕ್ಕಿತು. 2008ರಲ್ಲಿ ನಿವೃತ್ತಳಾಗುವವರೆಗೆ ಮೂವತ್ತೆಂಟು ವರ್ಷ ನಾನು ಕರಿಹಲಗೆಯ ಮೇಲೆ ಬರೆದ ಒಂದೊಂದು ಅಕ್ಷರದ ಹಿಂದೆಯೂ ಆ ನಲವತ್ತು ರೂಪಾಯಿ ಇದೆ.

ಇದಿಷ್ಟನ್ನೇ ಹೇಳಿ ನಿಲ್ಲಿಸಿದರೆ ಲಾಡ್ಜಿನ ಸ್ತುತಿಯಾದೀತು. ಇನ್ನೊಂದು ಸಂಗತಿಯನ್ನೂ ಹೇಳಬೇಕು. ನನ್ನ ಬೆಂಚಿನಲ್ಲಿಯೇ ಕೂರುತ್ತಿದ್ದ ಒಬ್ಬಳು ಗ್ಯಾಂಗ್‌ಮನ್ನನ ಮಗಳು. ಲೆಕ್ಕದಲ್ಲಿ ನನಗಿಂತ ಚುರುಕು. ಅದೇ ವರ್ಷ ಚಳಿಗಾಲದಲ್ಲಿ ಅವಳ ತಂದೆ ಹಳಿಯ ಮೇಲೆ ಗಾಡಿಗೆ ಸಿಕ್ಕಿ ಸತ್ತರು. ಆ ಮನೆಗೆ ಯಾರೂ ಲಕೋಟೆ ತರಲಿಲ್ಲ. ಆತ ಯಾರ ಬ್ರದರೂ ಆಗಿರಲಿಲ್ಲ. ಆಗುವುದಕ್ಕೆ ಕೊಡಬೇಕಾದ ಪ್ರವೇಶಧನ ಆತನ ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಸಂಕ್ರಾಂತಿಯ ಹೊತ್ತಿಗೆ ಅವಳು ಶಾಲೆ ಬಿಟ್ಟು ಹೆಂಚಿನ ಕಾರ್ಖಾನೆಗೆ ಹೋದಳು. ಬೆಂಚಿನ ಮೇಲೆ ಅವಳು ಕಂಪಾಸಿನ ಮೊನೆಯಿಂದ ಕೆತ್ತಿದ್ದ ಹೆಸರು ನಾನು ಶಾಲೆ ಮುಗಿಸುವವರೆಗೂ ಇತ್ತು. ಅಂದಿನಿಂದ ಭ್ರಾತೃತ್ವ ಎಂಬ ಮಾತನ್ನು ಯಾರು ಆಡಿದರೂ, ಅದು ಎಲ್ಲಿಗೆ ಮುಗಿಯುತ್ತದೆಂದು ಕೇಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ನ್ಯಾಯವಾಗಿ ನೋಡಿದರೆ, ಇಂತಹ ಸಂಘಗಳು ಹುಟ್ಟಿದ ಕಾಲದಲ್ಲಿ ವಿಮೆಯಿರಲಿಲ್ಲ, ಪಿಂಚಣಿಯಿರಲಿಲ್ಲ. ಸತ್ತರೆ ಹೂಳುವುದಕ್ಕೆ, ಕಾಯಿಲೆ ಬಿದ್ದರೆ ಕೂಳಿಗೆ ಎಂದು ಹತ್ತು ಜನ ಕೂಡಿ ಪೆಟ್ಟಿಗೆಗೆ ಕಾಸು ಹಾಕಿಕೊಂಡರು. ಇಂಗ್ಲೆಂಡಿನ ಕಾರ್ಮಿಕರ ನಡುವೆ 'ಆಡ್‌ಫೆಲೋಸ್' ಮುಂತಾದ ಲಾಡ್ಜುಗಳು ಬೆಳೆದದ್ದು ಹೀಗೆಯೇ. ನಮ್ಮ ಚೀಟಿಯ ಹಣದ ಹಾಗೆ, ಹಾಕಿದವರಿಗೆ ಅದು, ಹಾಕಲಾರದವರು ಲೆಕ್ಕದಲ್ಲಿಲ್ಲ. ಪರರ ಸೇವೆ ಆಮೇಲೆ ಬಂದು ಸೇರಿಕೊಂಡದ್ದು. ನನ್ನ ಗೆಳತಿಯ ವಿಷಯಕ್ಕೆ ಆ ಗಾರ್ಡ್ ಸಾಹೇಬರನ್ನು ನಾನು ದೂರುವುದಿಲ್ಲ. ಆದರೂ ನೆನಪು ನೆನಪೇ.

ಮೊದಲ ಸಂಬಳ ಬಂದಾಗ ಹತ್ತು ರೂಪಾಯಿಯ ಒಂದು ನೋಟನ್ನು ಮಡಿಸಿಕೊಂಡು ನಾನು ಗಾರ್ಡ್ ಸಾಹೇಬರ ಕ್ವಾರ್ಟರ್ಸಿಗೆ ಹೋದೆ. ಅವರು ನೋಟನ್ನು ಮುಟ್ಟಲಿಲ್ಲ. "ನನಗೆ ಯಾಕಮ್ಮ, ಪೆಟ್ಟಿಗೆಗೆ ಹಾಕು" ಎಂದು ಬೀಗದ ಕೈ ತೆಗೆದುಕೊಂಡು ಹೊರಟರು. ಹೆಣ್ಣುಮಕ್ಕಳು ಹೋಗಬಹುದೇ ಎಂದು ಕೇಳಿದೆ. "ಮೀಟಿಂಗ್ ಇದ್ದಾಗ ಇಲ್ಲ. ಇವತ್ತು ಅದು ಬರೀ ಹಾಲು, ಬಾ" ಎಂದರು. ಹೀಗೆ ಊರಿನ ಮಕ್ಕಳ ಕನಸಿನಲ್ಲೆಲ್ಲ ಬರುತ್ತಿದ್ದ ಆ ಮನೆಯನ್ನು ಇಪ್ಪತ್ತನೆಯ ವಯಸ್ಸಿನಲ್ಲಿ ಹೊಕ್ಕೆ. ಚದುರಂಗದ ಮಣೆಯಂತೆ ಕಪ್ಪು ಬಿಳುಪು ಚೌಕಗಳ ನೆಲ. ಮೂರು ದಿಕ್ಕಿಗೆ ಮೂರು ದೊಡ್ಡ ಕುರ್ಚಿಗಳು. ಒಂದು ಪೀಠದ ಮೇಲೆ ಬಟ್ಟೆ ಸುತ್ತಿಟ್ಟ ಭಗವದ್ಗೀತೆ, ಖುರಾನ್, ಬೈಬಲ್. ಅವರವರು ಅವರವರ ಗ್ರಂಥದ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತಾರಂತೆ. ಪಾರ್ಸಿಗಳಿಗೆ ಅವೆಸ್ತಾ, ಸಿಖ್ಖರಿಗೆ ಗುರು ಗ್ರಂಥ ಸಾಹಿಬ್ ಉಂಟು. ಒಂದು ಪಕ್ಕದಲ್ಲಿ ಎರಡು ಕಲ್ಲುಗಳು: ಒಂದು ಗಣಿಯಿಂದ ತಂದಂತೆಯೇ ಒರಟು, ಇನ್ನೊಂದು ನುಣ್ಣಗೆ ಕೆತ್ತಿದ್ದು. ಆಗ ತಾನೇ ಒಂದನೆಯ ತರಗತಿಯ ಅರವತ್ತು ಮಕ್ಕಳನ್ನು ಕೈಗೆ ತೆಗೆದುಕೊಂಡಿದ್ದ ನನಗೆ ಅದರ ಅರ್ಥವನ್ನು ಯಾರೂ ಹೇಳಬೇಕಾಗಿರಲಿಲ್ಲ. ತಲೆಬುರುಡೆ ಎಲ್ಲಿ ಎಂದು ಕೇಳುವ ಧೈರ್ಯವಾಗಲಿಲ್ಲ.

ಹೆಂಗಸರನ್ನು ಏಕೆ ಸೇರಿಸುವುದಿಲ್ಲ ಎಂದು ಮಾತ್ರ ಕೇಳಿದೆ. ಗಾರ್ಡ್ ಸಾಹೇಬರು ತಲೆ ಕೆರೆದುಕೊಂಡು, "ಹಳೇ ಕಾಲದ ರೂಲ್ಸು ಟೀಚರಮ್ಮ" ಎಂದರು. ನಿಜವೇ. 1723ರ ನಿಯಮಗಳಲ್ಲಿ ಜೀತದವರು, ಹೆಂಗಸರು, ನಡತೆಗೆಟ್ಟವರು ಮೂವರನ್ನೂ ಒಂದೇ ಸಾಲಿನಲ್ಲಿ ಹೊರಗಿಟ್ಟಿದ್ದಾರೆ. 1882ರಲ್ಲಿ ಫ್ರಾನ್ಸಿನ ಒಂದು ಲಾಡ್ಜು ಮಾರಿಯಾ ದೆರೇಮ್ ಎಂಬ ಲೇಖಕಿಗೆ ದೀಕ್ಷೆ ಕೊಟ್ಟು ದೊಡ್ಡ ಗದ್ದಲವಾಯಿತು. 1893ರಲ್ಲಿ ಆಕೆ ಸ್ತ್ರೀಪುರುಷರಿಬ್ಬರಿಗೂ ಸೇರಿದ ಬೇರೊಂದು ಸಂಸ್ಥೆಯನ್ನೇ ಕಟ್ಟಿದಳು. ಅದನ್ನು 1902ರಲ್ಲಿ ಸೇರಿದ ಆನಿ ಬೆಸೆಂಟ್ ನಮ್ಮ ದೇಶಕ್ಕೂ ತಂದರು. ಇಂಗ್ಲೆಂಡಿನಲ್ಲಿ ಹೆಂಗಸರದೇ ಗ್ರ್ಯಾಂಡ್ ಲಾಡ್ಜುಗಳಿವೆ. ಅವರ ಆಚರಣೆಯೆಲ್ಲ ಸರಿಯಾಗಿಯೇ ಇದೆ, ಹೆಂಗಸರಾಗಿರುವುದೊಂದೇ ಕೊರತೆ ಎಂಬರ್ಥದ ಮಾತನ್ನು ಗಂಡಸರ ಗ್ರ್ಯಾಂಡ್ ಲಾಡ್ಜು 1999ರಲ್ಲಿ ದೊಡ್ಡ ಮನಸ್ಸು ಮಾಡಿ ಹೇಳಿತು! ಹನ್ನೆರಡನೆಯ ಶತಮಾನದ ಅನುಭವಮಂಟಪದಲ್ಲಿ ಅಕ್ಕ ಮಹಾದೇವಿ ಎದ್ದುನಿಂತು ಮಾತನಾಡಿದಳೆಂದು ನಂಬಿಕೊಂಡು ಬಂದಿರುವ ನಾಡಿನವರು ನಾವು. ನನಗೆ ನಗು ಬಂತು.

ದೇಶ ಸ್ವತಂತ್ರವಾದ ಮೇಲೂ ಇಲ್ಲಿಯ ಲಾಡ್ಜುಗಳು ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಅಧೀನದಲ್ಲಿಯೇ ಇದ್ದವು. 1961ರ ನವೆಂಬರ್ 24ರಂದು ದೆಹಲಿಯಲ್ಲಿ ಭಾರತದ ಗ್ರ್ಯಾಂಡ್ ಲಾಡ್ಜು ಸ್ಥಾಪನೆಯಾಯಿತು. ರಾಂಪುರದ ನವಾಬರು ಅದರ ಮೊದಲ ಗ್ರ್ಯಾಂಡ್ ಮಾಸ್ಟರ್. ಹಳೆಯ ಅಧೀನದಲ್ಲಿಯೇ ಉಳಿಯುವವರು ಉಳಿಯಬಹುದೆಂಬ ಅವಕಾಶವೂ ಇತ್ತು, ಕೆಲವು ಲಾಡ್ಜುಗಳು ಉಳಿದವು. ನಮ್ಮೂರಿನದು ಹೊಸದಕ್ಕೆ ಸೇರಿತು. ಆ ದಿನಗಳಲ್ಲಿ ಅಣ್ಣ ಬಹಳ ಉತ್ಸಾಹದಲ್ಲಿದ್ದುದು ನನಗೆ ಮಸುಕಾಗಿ ನೆನಪಿದೆ. ಕೊಯಮತ್ತೂರಿನ ಮಕ್ಕಳ ಆಸ್ಪತ್ರೆ, ದೆಹಲಿಯ ಶಾಲೆ ಮೊದಲಾದವು ಫ್ರೀಮೇಸನ್ನರ ಹೆಸರಿನಲ್ಲಿ ನಡೆದುಬಂದಿರುವ ಸಂಸ್ಥೆಗಳು.

ಊರುಕೇರಿಯ ಸೇವೆಯಲ್ಲಿ ಅವರ ಹೆಸರು ಹೆಚ್ಚು ಕೇಳಿಬರದಿರುವುದಕ್ಕೆ ಅವರ ಮೌನವೂ ಒಂದು ಕಾರಣ. 1905ರಲ್ಲಿ ಹುಟ್ಟಿದ ರೋಟರಿಯೂ 1917ರಲ್ಲಿ ಹುಟ್ಟಿದ ಲಯನ್ಸೂ ಅದೇ ಕೆಲಸವನ್ನು ಕತ್ತಿ, ಏಪ್ರನ್ ಇಲ್ಲದೆ ಬಾಗಿಲು ತೆರೆದಿಟ್ಟು ಮಾಡಿದವು. ಫಲಕ, ಹಾರ, ಪತ್ರಿಕೆಯಲ್ಲಿ ಫೋಟೋ ಇವುಗಳೂ ಜೊತೆಗೆ ಬಂದವು ಅನ್ನಿ. ಹೆಂಗಸರಿಗೆ ಲಯನ್ಸ್ 1987ರಲ್ಲಿ, ರೋಟರಿ 1989ರಲ್ಲಿ ಬಾಗಿಲು ತೆರೆದವು. ನಮ್ಮೂರಿನ ಲಾಡ್ಜಿನ ಈಗಿನ ಸದಸ್ಯರಲ್ಲಿ ಕೂದಲು ಕಪ್ಪಗಿರುವವರು ಕಡಿಮೆ. ಆದರೂ ಪ್ರತಿವರ್ಷ ಜೂನ್ ತಿಂಗಳಲ್ಲಿ, ನಾನು ಕೊನೆಯ ಹನ್ನೆರಡು ವರ್ಷ ಪಾಠ ಹೇಳಿದ ಸರಕಾರಿ ಶಾಲೆಗೆ ಬಂದು ಮಕ್ಕಳ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಕೊಡಿಸುತ್ತಾರೆ. ಯಾರ ಮಗು ಎಂದು ಕೇಳುವುದಿಲ್ಲ. ಹೆಸರಿನ ಪಟ್ಟಿ ಬರೆದುಕೊಡಲು ನನ್ನನ್ನು ಕರೆಯುತ್ತಾರೆ, ಹೋಗುತ್ತೇನೆ. ಗ್ಯಾಂಗ್‌ಮನ್ನರ ಮಕ್ಕಳ ಹೆಸರುಗಳನ್ನು ಮೊದಲು ಬರೆಯುತ್ತೇನೆ. ಅದು ಏಕೆಂದು ಅಲ್ಲಿ ಯಾರಿಗೂ ತಿಳಿಯದು.

ಗಾರ್ಡ್ ಸಾಹೇಬರು 1978ರಲ್ಲಿ ನಿವೃತ್ತರಾಗಿ ಅರಕ್ಕೋಣದಲ್ಲಿದ್ದ ಮಗಳ ಮನೆಗೆ ಹೊರಟರು. ಹೊರಡುವ ಮುನ್ನಾದಿನ ನಮ್ಮಲ್ಲಿಗೆ ಊಟಕ್ಕೆ ಬಂದರು. ಅಜ್ಜಿ ಕಾಲವಾಗಿ ಆಗಲೇ ಏಳು ವರ್ಷವಾಗಿತ್ತು. ತಮ್ಮಂದಿರ ಪಕ್ಕದಲ್ಲಿ ಚಾಪೆಯ ಮೇಲೆ ಕಷ್ಟಪಟ್ಟು ಮಂಡಿ ಮಡಿಸಿ ಕುಳಿತರು. ಅಮ್ಮ ಹುಳಿ ಬಡಿಸುತ್ತಿದ್ದಾಗ ಅವರು ಇದ್ದಕ್ಕಿದ್ದಂತೆ ನಗತೊಡಗಿದರು.

"ಲಾಡ್ಜಿನ ಒಂದು ಗುಟ್ಟು ಹೇಳಿಬಿಡ್ತೀನಮ್ಮಾ. ಹೇಳಬೇಡ ಅಂತ ಬ್ರದರ್ ಆಣೆ ಹಾಕಿಸಿಕೊಂಡಿದ್ರು. ಮೊದಲ ಮೂರು ವರ್ಷ ಬರೀ ಬಾಳೆಹಣ್ಣು. ನಾಲ್ಕನೇ ವರ್ಷ ಒಂದು ದಿನ ನನ್ನ ತಟ್ಟೆಯಿಂದಲೇ ಒಂದು ತುತ್ತು ತಗೊಂಡ್ರು. ಆಮೇಲೆ ಪ್ರತಿ ಸಲ ಊಟ ಮಾಡ್ತಾ ಇದ್ರು. ನಮ್ಮ ಅಡಿಗೆಯವನು ಮಾಡೋ ಈರುಳ್ಳಿ ಬೆಳ್ಳುಳ್ಳಿ ಸಾರು ಅಂದ್ರೆ ಎರಡನೇ ಸಲ ಹಾಕಿಸಿಕೊಳ್ಳೋರು."

ನಾನು ಅಮ್ಮನ ಮುಖ ನೋಡಿದೆ. ಅವಳು ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದಳು: "ನನಗೆ ಗೊತ್ತಿತ್ತು ಸಾಹೇಬರೇ. ಭಾನುವಾರ ಬೆಳಿಗ್ಗೆ ಆ ಕೋಟನ್ನು ಬಿಸಿಲಿಗೆ ಹಾಕ್ತಾ ಇದ್ದವಳು ನಾನೇ ಅಲ್ಲವೇ? ಅತ್ತೆಯವರ ಮೂಗಿಗೆ ಬೀಳಬಾರದು ಅಂತ ಹಿತ್ತಲಿನ ಮೂಲೇಲಿ ಒಣಗಿಸ್ತಿದ್ದೆ."